ಬೂಟ್ ಆಗದ ಡೆಬಿಯನ್ ಕಂಪ್ಯೂಟರ್: ಒಂದು ದೋಷದ ಹಿಂದೆ ನಿಂತಿದ್ದ ಇನ್ನೊಂದು ದೋಷ

ಯಂತ್ರ ಮತ್ತು ದೂರು

ಯಂತ್ರ ಒಂದು ಡೆಸ್ಕ್‌ಟಾಪ್. ಅದರಲ್ಲಿ ಇರುವುದು ಡೆಬಿಯನ್ 12 ಎಂಬ ಲಿನಕ್ಸ್ ಮಾತ್ರ, ಪಕ್ಕದಲ್ಲಿ ವಿಂಡೋಸ್ ಇಲ್ಲ. ಆನ್ ಮಾಡಿದಾಗ ಮೊದಲು ಓಡುವ ಫರ್ಮ್‌ವೇರ್ ಯುಇಎಫ್‌ಐ. ಒಂದೇ ಒಂದು ಸಾಟಾ ಎಸ್‌ಎಸ್‌ಡಿ, ಅದರಲ್ಲಿ ನಾಲ್ಕು ಪಾರ್ಟಿಷನ್ (ಡಿಸ್ಕ್‌ನ ಭಾಗಗಳು): ಇಎಫ್‌ಐಗೆ ಒಂದು, ಬೂಟ್‌ಗೆ ಬೇಕಾದ ಫೈಲ್‌ಗಳಿರುವ /ಬೂಟ್‌ಗೆ ಒಂದು, ಸಿಸ್ಟಮ್ ಇರುವ ರೂಟ್‌ಗೆ ಒಂದು, ಬಳಕೆದಾರರ ಫೈಲ್‌ಗಳಿರುವ /ಹೋಮ್‌ಗೆ ಒಂದು. ಎನ್‌ಕ್ರಿಪ್ಷನ್ ಇಲ್ಲ. /ಬೂಟ್ ಪಾರ್ಟಿಷನ್ ಬಹಳ ಹಿಂದೆ ಮಾಡಿದ್ದು, ಗಾತ್ರ ಬರೀ 236 ಎಂಬಿ. ಈ ಸಂಖ್ಯೆ ಮುಂದೆ ಬೇಕಾಗುತ್ತದೆ.

ಇದನ್ನು ಬಳಸುವವರು ನನ್ನ ಹಳೆಯ ಸಹೋದ್ಯೋಗಿ. ಅನುವಾದದ ಕೆಲಸ ಮಾಡುತ್ತಾರೆ. ಲಿನಕ್ಸ್ ಬಳಸಲು ಚೆನ್ನಾಗಿ ಬರುತ್ತದೆ, ಆದರೆ ಒಳಗೆ ಏನು ನಡೆಯುತ್ತದೆ ಎಂದು ನೋಡುವ ಅಗತ್ಯ ಅವರಿಗೆ ಬಂದಿರಲಿಲ್ಲ. ಕೆಲಸ ಮುಗಿದಾಗ ಯಂತ್ರವನ್ನು ಆಫ್ ಮಾಡುತ್ತಿರಲಿಲ್ಲ, ಸಸ್ಪೆಂಡ್ ಮಾಡುತ್ತಿದ್ದರು. ಹೀಗೆ ತಿಂಗಳುಗಟ್ಟಲೆ ರೀಬೂಟ್ ಇಲ್ಲದೆ ನಡೆದಿತ್ತು. ಆಗಾಗ ಟರ್ಮಿನಲ್ ತೆರೆದು, ಸಾಫ್ಟ್‌ವೇರ್ ಅಪ್‌ಡೇಟ್ ಮಾಡುವ 'ಎಪಿಟಿ ಅಪ್‌ಗ್ರೇಡ್' ಕೊಡುವುದು ಮಾತ್ರ ತಪ್ಪಿಸುತ್ತಿರಲಿಲ್ಲ.

ಒಂದು ದಿನ ಕರೆಂಟ್ ಹೋಯಿತು. ಬಂದ ಮೇಲೆ ಯಂತ್ರ ಆನ್ ಮಾಡಿದರೆ ಕಪ್ಪು ಸ್ಕ್ರೀನ್ ಮೇಲೆ ಬಿಳಿ ಅಕ್ಷರಗಳ ರಾಶಿ, ಅಲ್ಲಿಗೆ ಎಲ್ಲವೂ ನಿಂತಿತು. ಅವರು ಫೋನ್ ಮಾಡಿದಾಗ ಹೇಳಿದ ಮೊದಲ ಮಾತು: "ಕರೆಂಟ್ ಹೋಗಿ ಡಿಸ್ಕ್ ಸುಟ್ಟಿದೆ ಅನ್ಸುತ್ತೆ. ಎಲ್ಲಾ ಹೋಯ್ತು ಅಲ್ವಾ?"

ಆ ಹೊತ್ತಿಗಾಗಲೇ ಅವರಿಗೆ ಮೂರು ಸಲಹೆ ಸಿಕ್ಕಿದ್ದವು. ಬೂಟ್ ಮೆನು ತೋರಿಸುವ ಗ್ರಬ್ ಮತ್ತೆ ಇನ್‌ಸ್ಟಾಲ್ ಮಾಡಿ. ಎಫ್‌ಎಸ್‌ಸಿಕೆ ಓಡಿಸಿ. ಯಾವುದೂ ಆಗದಿದ್ದರೆ ಎಲ್ಲಾ ಅಳಿಸಿ ಹೊಸದಾಗಿ ಡೆಬಿಯನ್ ಹಾಕಿ. ಈ ಮೂರರಲ್ಲಿ ಯಾವುದನ್ನೂ ಸದ್ಯಕ್ಕೆ ಮಾಡಬೇಡಿ, ಸ್ಕ್ರೀನ್‌ನ ಫೋಟೋ ತೆಗೆದು ಕಳಿಸಿ ಎಂದೆ. ಮುಂದಿನ ಕೆಲಸವೆಲ್ಲ ಫೋನ್ ಮತ್ತು ಫೋಟೋ ಮೂಲಕವೇ ನಡೆಯಿತು.

ಎಲ್ಲಿ ನಿಂತಿದೆ?

ಬೂಟ್ ಆಗುತ್ತಿಲ್ಲ ಎಂಬ ದೂರಿನಿಂದ ಹೆಚ್ಚೇನೂ ತಿಳಿಯುವುದಿಲ್ಲ. ಬೂಟ್ ಎನ್ನುವುದು ಒಂದು ಓಟವಲ್ಲ, ಕೈಯಿಂದ ಕೈಗೆ ದಾಟುವ ಕೆಲಸ. ಮೊದಲು ಫರ್ಮ್‌ವೇರ್ ಎಚ್ಚರವಾಗುತ್ತದೆ, ಇಎಫ್‌ಐ ಪಾರ್ಟಿಷನ್‌ನಲ್ಲಿ ಗ್ರಬ್ ಹುಡುಕಿ ಕೆಲಸ ಒಪ್ಪಿಸುತ್ತದೆ. ಗ್ರಬ್ ಮೆನು ತೋರಿಸಿ, ಕರ್ನಲ್ (ಲಿನಕ್ಸ್‌ನ ತಿರುಳು) ಮತ್ತು ಇನಿಟ್‌ರಾಮ್‌ಎಫ್‌ಎಸ್ (ಇದರ ವಿವರ ಮುಂದೆ) ಎಂಬ ಎರಡು ಫೈಲ್‌ಗಳನ್ನು ಮೆಮೊರಿಗೆ ತರುತ್ತದೆ. ಕರ್ನಲ್ ರೂಟ್ ಪಾರ್ಟಿಷನ್ ತಲುಪಿದ ಮೇಲೆ ಸಿಸ್ಟಮ್‌ಡಿ ಶುರುವಾಗುತ್ತದೆ. ಅದು ಉಳಿದ ಪಾರ್ಟಿಷನ್‌ಗಳನ್ನು ಮೌಂಟ್ ಮಾಡಿ (ಬಳಕೆಗೆ ಜೋಡಿಸಿ), ಸೇವೆಗಳನ್ನು ಎಬ್ಬಿಸಿ, ಲಾಗಿನ್ ತನಕ ತರುತ್ತದೆ.

ಯಂತ್ರ ಎಲ್ಲಿ ನಿಂತಿತು ಎಂದು ಗೊತ್ತಾದರೆ ಅದಕ್ಕಿಂತ ಹಿಂದಿನ ಹಂತಗಳೆಲ್ಲ ಕೆಲಸ ಮಾಡಿವೆ ಎಂದೂ ಗೊತ್ತಾಗುತ್ತದೆ. ಹುಡುಕುವ ಜಾಗ ಅಷ್ಟರ ಮಟ್ಟಿಗೆ ಚಿಕ್ಕದಾಗುತ್ತದೆ. ನನ್ನ ಮಟ್ಟಿಗೆ ಬೂಟ್ ರಿಪೇರಿಯಲ್ಲಿ ಅರ್ಧ ಕೆಲಸ ಇದೇ. ಇದನ್ನು ಬಿಟ್ಟು ನೇರವಾಗಿ ಕಮಾಂಡ್ ಹಾಕಲು ಹೋದವರು ಕೆಟ್ಟಿರದ ಭಾಗವನ್ನೂ ಕೆಡಿಸಿಕೊಳ್ಳುವುದನ್ನು ಎಷ್ಟೋ ಸಲ ನೋಡಿದ್ದೇನೆ, ನೋಡಿದಾಗಲೆಲ್ಲ ಬೇಜಾರಾಗುತ್ತದೆ.

ಮೊದಲ ಫೋಟೋದ ಕೊನೆಯಲ್ಲಿ ಇದ್ದದ್ದು ಪ್ರಸಿದ್ಧ ಸಾಲು: 'ಕರ್ನಲ್ ಪ್ಯಾನಿಕ್, ನಾಟ್ ಸಿಂಕಿಂಗ್: ವಿಎಫ್‌ಎಸ್: ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್ ಆನ್ ಅನ್‌ನೋನ್ ಬ್ಲಾಕ್ (0,0)'. ಅದರ ಸುತ್ತ ಹೆಕ್ಸ್ ಅಂಕಿಗಳು, ಫಂಕ್ಷನ್ ಹೆಸರುಗಳು. ಹೆದರಿಸುವುದು ಆ ಅಂಕಿಗಳೇ. ಆದರೆ ಈ ಬಗೆಯ ದೋಷದಲ್ಲಿ ಅವುಗಳಿಂದ ಏನೂ ಸಿಗುವುದಿಲ್ಲ. ಉಪಯೋಗಕ್ಕೆ ಬರುವ ಸಾಲುಗಳು ಅದಕ್ಕಿಂತ ಸ್ವಲ್ಪ ಮೇಲೆ ಇರುತ್ತವೆ. ಅವರ ಫೋಟೋದಲ್ಲಿ ಅದೃಷ್ಟಕ್ಕೆ ಅವೂ ಕಾಣುತ್ತಿದ್ದವು. 'ಎಸ್‌ಡಿಎ3' ಎಂಬ ರೂಟ್ ಡಿವೈಸ್ ತೆರೆಯಲು ಆಗಲಿಲ್ಲ ಎಂದು ಒಂದು ಸಾಲು. ಸರಿಯಾದ 'ರೂಟ್=' ಆಯ್ಕೆ ಕೊಡಿ, ಸಿಕ್ಕಿರುವ ಪಾರ್ಟಿಷನ್‌ಗಳು ಇವು ಎಂದು ಇನ್ನೊಂದು ಸಾಲು. ಅದರ ಕೆಳಗೆ ಪಟ್ಟಿ ಖಾಲಿ.

ಆ ಖಾಲಿ ಪಟ್ಟಿಯೇ ದೊಡ್ಡ ಸುಳಿವು. ರೂಟ್ ಪಾರ್ಟಿಷನ್‌ನ ಫೈಲ್ ಸಿಸ್ಟಮ್ ಮಾತ್ರ ಹಾಳಾಗಿದ್ದರೆ ಡಿಸ್ಕ್‌ನ ಪಾರ್ಟಿಷನ್‌ಗಳ ಹೆಸರಾದರೂ ಪಟ್ಟಿಯಲ್ಲಿ ಬರಬೇಕಿತ್ತು. ಇಲ್ಲಿ ಕರ್ನಲ್‌ಗೆ ಡಿಸ್ಕ್ ಅನ್ನುವ ವಸ್ತುವೇ ಕಂಡಿಲ್ಲ. (0,0) ಎಂಬ ಅಂಕಿಯೂ ಅದನ್ನೇ ಹೇಳುತ್ತದೆ: 'ಎಸ್‌ಡಿಎ3' ಎಂಬ ಹೆಸರಿಗೆ ಹೊಂದುವ ಯಾವ ಡಿವೈಸೂ ಕರ್ನಲ್ ಬಳಿ ಇಲ್ಲ.

ಹಾಗಾದರೆ ಡಿಸ್ಕ್ ಸತ್ತಿದೆಯೇ? ಇಲ್ಲ ಎನ್ನಲು ಬಲವಾದ ಸಾಕ್ಷಿ ಅದೇ ಫೋಟೋದಲ್ಲಿತ್ತು. ಪ್ಯಾನಿಕ್ ಸಂದೇಶ ಬರೆದದ್ದು ಕರ್ನಲ್. ಆ ಕರ್ನಲ್ ಫೈಲ್ ಇರುವುದು ಅದೇ ಎಸ್‌ಎಸ್‌ಡಿಯ /ಬೂಟ್‌ನಲ್ಲಿ. ಅದನ್ನು ಕೆಲವೇ ಕ್ಷಣ ಮೊದಲು ಗ್ರಬ್ ಓದಿ ಮೆಮೊರಿಗೆ ತಂದಿದೆ. ಡಿಸ್ಕ್ ಸತ್ತಿದ್ದರೆ ಈ ಸಂದೇಶ ಬರೆಯಲು ಯಾರೂ ಇರುತ್ತಿರಲಿಲ್ಲ. ಇದನ್ನು ಹೇಳಿದಾಗ ಆ ಕಡೆಯಿಂದ ಉಸಿರು ಬಿಟ್ಟದ್ದು ಫೋನ್‌ನಲ್ಲಿ ಕೇಳಿಸಿತು. ಡಿಸ್ಕ್‌ಗೆ ಪೂರ್ತಿ ಆರೋಗ್ಯದ ಪ್ರಮಾಣಪತ್ರ ಇದರಿಂದ ಸಿಗುವುದಿಲ್ಲ, ನಿಜ. ಆದರೂ ಹುಡುಕಾಟದ ದಿಕ್ಕು ಬದಲಾಗುತ್ತದೆ.

ಮೂರು ಸಲಹೆಗಳಲ್ಲಿ ಎರಡು ಇಲ್ಲೇ ಬಿದ್ದುಹೋದವು. ಗ್ರಬ್ ತನ್ನ ಪಾಲಿನ ಕೆಲಸ ಮಾಡಿದೆ, ಮೆನು ಬರುತ್ತಿದೆ, ಕರ್ನಲ್ ಶುರುವಾಗುತ್ತಿದೆ. ಅದನ್ನು ಮತ್ತೆ ಇನ್‌ಸ್ಟಾಲ್ ಮಾಡಲು ಕಾರಣವೇ ಇಲ್ಲ. ಎಫ್‌ಎಸ್‌ಸಿಕೆ ಫೈಲ್ ಸಿಸ್ಟಮ್ ಸರಿ ಮಾಡುವ ಸಾಧನ. ಇಲ್ಲಿ ಕರ್ನಲ್ ಇನ್ನೂ ಫೈಲ್ ಸಿಸ್ಟಮ್ ಹತ್ತಿರಕ್ಕೇ ಹೋಗಿಲ್ಲ. ಮೇಲಾಗಿ, ಡಿಸ್ಕ್ ಸಾಯುತ್ತಿದೆ ಎಂಬ ಅನುಮಾನ ಇದ್ದಾಗ ಮೊದಲು ನಕಲು ತೆಗೆಯಬೇಕು. ಎಫ್‌ಎಸ್‌ಸಿಕೆ ಡಿಸ್ಕ್ ಮೇಲೆ ಬರೆಯುತ್ತದೆ, ಆ ಸ್ಥಿತಿಯಲ್ಲಿ ಅದರಿಂದ ನಷ್ಟ ಹೆಚ್ಚಬಹುದು.

ಇಲ್ಲದ ಒಂದು ಸಾಲು

ಈಗ ಕರ್ನಲ್‌ಗೆ ಡಿಸ್ಕ್ ಕಾಣದಿರಲು ಕಾರಣ ಹುಡುಕಬೇಕು. ಇಲ್ಲಿ ಇನಿಟ್‌ರಾಮ್‌ಎಫ್‌ಎಸ್ ಏಕೆ ಬೇಕು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇಡೀ ಪ್ರಕರಣ ಇದರ ಮೇಲೆ ನಿಂತಿದೆ.

ಡೆಬಿಯನ್ ಕರ್ನಲ್ ಎಲ್ಲ ಬಗೆಯ ಯಂತ್ರಗಳಲ್ಲೂ ನಡೆಯಬೇಕು. ಹಾಗಾಗಿ ಬಹುತೇಕ ಡ್ರೈವರ್‌ಗಳನ್ನು ಅದರೊಳಗೆ ತುಂಬಿಲ್ಲ, ಬಿಡಿ ಮಾಡ್ಯೂಲ್‌ಗಳಾಗಿ ಇಟ್ಟಿದ್ದಾರೆ. ಸಾಟಾ ಡಿಸ್ಕ್ ಓದುವ ಎಎಚ್‌ಸಿಐ ಡ್ರೈವರ್ ಹೀಗೇ ಒಂದು ಮಾಡ್ಯೂಲ್. ಎಕ್ಸ್ಟ್4 ಫೈಲ್ ಸಿಸ್ಟಮ್ ಓದುವ ಭಾಗವೂ ಮಾಡ್ಯೂಲೇ. ಈ ಮಾಡ್ಯೂಲ್‌ಗಳು ಇರುವುದು ರೂಟ್ ಪಾರ್ಟಿಷನ್‌ನಲ್ಲಿ. ರೂಟ್ ಪಾರ್ಟಿಷನ್ ಓದಲು ಅವೇ ಬೇಕು. ಬೀಗದ ಕೈಯನ್ನು ಪೆಟ್ಟಿಗೆಯೊಳಗೆ ಇಟ್ಟು ಪೆಟ್ಟಿಗೆಗೆ ಬೀಗ ಹಾಕಿದ ಹಾಗೆ. ಇದಕ್ಕೆ ಪರಿಹಾರ ಇನಿಟ್‌ರಾಮ್‌ಎಫ್‌ಎಸ್: ಬೇಕಾದ ಮಾಡ್ಯೂಲ್‌ಗಳನ್ನೂ ಒಂದಿಷ್ಟು ಸ್ಕ್ರಿಪ್ಟ್‌ಗಳನ್ನೂ ಕಟ್ಟಿದ ಒಂದು ಗಂಟು. /ಬೂಟ್‌ನಲ್ಲಿ 'ಇನಿಟ್‌ಆರ್‌ಡಿ' ಎಂದು ಶುರುವಾಗುವ ಹೆಸರಿನಲ್ಲಿ ಅದು ಇರುತ್ತದೆ. ಗ್ರಬ್ ಕರ್ನಲ್ ಜೊತೆ ಅದನ್ನೂ ಮೆಮೊರಿಗೆ ತಂದುಕೊಡುತ್ತದೆ. ಗ್ರಬ್ ಡಿಸ್ಕ್ ಓದುವುದು ಫರ್ಮ್‌ವೇರ್ ಸಹಾಯದಿಂದ, ಹಾಗಾಗಿ ಅದಕ್ಕೆ ಲಿನಕ್ಸ್ ಡ್ರೈವರ್ ಬೇಕಿಲ್ಲ.

ಪ್ರತಿ ಕರ್ನಲ್‌ಗೂ ಅದರದ್ದೇ ಆದ ಗಂಟು ಬೇಕು. ಹೊಸ ಕರ್ನಲ್ ಬಂದಾಗ ಅದು ಆ ಯಂತ್ರದಲ್ಲೇ ಹೊಸದಾಗಿ ತಯಾರಾಗುತ್ತದೆ.

ಗ್ರಬ್ ಮೆನುವಿನಲ್ಲಿ ಮೊದಲ ಸಾಲಿನ ಮೇಲೆ ನಿಂತು 'ಇ' ಕೀ ಒತ್ತಲು ಹೇಳಿದೆ. ಆ ಎಂಟ್ರಿಯ ಒಳಗೆ ಏನು ಬರೆದಿದೆ ಎಂದು ಕಾಣುತ್ತದೆ. ಅಲ್ಲಿ ಮಾಡಿದ ಬದಲಾವಣೆ ಆ ಒಂದು ಬೂಟ್‌ಗೆ ಮಾತ್ರ, ಡಿಸ್ಕ್‌ನಲ್ಲಿ ಏನೂ ಬದಲಾಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಆ ಕಡೆ ಇರುವವರ ಕೈ ನಡುಗುವುದಿಲ್ಲ.

ಫೋಟೋ ಬಂತು. ಎರಡು ವಿಷಯ ಎದ್ದು ಕಂಡವು. 'ಲಿನಕ್ಸ್' ಎಂದು ಶುರುವಾಗುವ ಸಾಲು ಇತ್ತು, ಅದರ ಕೆಳಗೆ ಇರಬೇಕಾದ 'ಇನಿಟ್‌ಆರ್‌ಡಿ' ಸಾಲು ಇರಲಿಲ್ಲ. ಮತ್ತೆ, ರೂಟ್ ಪಾರ್ಟಿಷನ್ ಅನ್ನು ಯುಯುಐಡಿ ಎಂಬ ಅದರದ್ದೇ ಆದ ಗುರುತಿನ ಸಂಖ್ಯೆಯಿಂದ ಗುರುತಿಸುವ ಬದಲು '/ಡೆವ್/ಎಸ್‌ಡಿಎ3' ಎಂದು ನೇರ ಹೆಸರು ಬರೆದಿತ್ತು. ಎರಡನೆಯದು ಬೇರೆ ದೋಷವಲ್ಲ, ಮೊದಲನೆಯದರ ನೆರಳು. ಯುಯುಐಡಿ ನೋಡಿ ಪಾರ್ಟಿಷನ್ ಹುಡುಕುವ ಕೆಲಸ ಇನಿಟ್‌ರಾಮ್‌ಎಫ್‌ಎಸ್ ಮಾಡುತ್ತದೆ. ಅದು ಇಲ್ಲ ಎಂದು ಕಂಡರೆ, ಗ್ರಬ್ ಮೆನು ಬರೆಯುವ 'ಅಪ್‌ಡೇಟ್ ಗ್ರಬ್' ಯುಯುಐಡಿ ಬಿಟ್ಟು ನೇರ ಹೆಸರು ಬರೆಯುತ್ತದೆ. ಅಂದರೆ ಗ್ರಬ್ ಮೆನು ತಯಾರಾದ ಹೊತ್ತಿಗೆ /ಬೂಟ್‌ನಲ್ಲಿ ಈ ಕರ್ನಲ್ ಇತ್ತು, ಇದರ ಗಂಟು ಇರಲಿಲ್ಲ. ಕರೆಂಟ್ ಹೋದದ್ದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ದೋಷ ಅದಕ್ಕಿಂತ ಮೊದಲೇ ಒಳಗೆ ಕೂತಿತ್ತು.

ಎಸ್ಕೇಪ್ ಒತ್ತಿ ಹಿಂದೆ ಬಂದು 'ಅಡ್ವಾನ್ಸ್‌ಡ್ ಆಪ್ಷನ್ಸ್' ತೆರೆಯಲು ಹೇಳಿದೆ. ಐದು ಕರ್ನಲ್‌ಗಳು ಸಾಲಾಗಿ ನಿಂತಿದ್ದವು: 6.1.0-32ರಿಂದ ಕೆಳಗೆ 6.1.0-28ರ ತನಕ. ಈಗ ಯಾವುದನ್ನು ಆರಿಸಬೇಕು? ಸಾಮಾನ್ಯ ಸಲಹೆ, ಹೊಸದರ ಹಿಂದಿನದು, ಅಂದರೆ 31. ನಾನು 28 ಎಂದೆ. ಏಕೆಂದರೆ ಈ ಯಂತ್ರ ತಿಂಗಳುಗಟ್ಟಲೆ ರೀಬೂಟ್ ಆಗಿರಲಿಲ್ಲ. 29, 30, 31 ಬಂದು ಕೂತಿದ್ದವು, ಆದರೆ ಅವುಗಳಲ್ಲಿ ಯಾವುದೂ ಒಂದು ಸಲವೂ ಈ ಯಂತ್ರವನ್ನು ಎಬ್ಬಿಸಿರಲಿಲ್ಲ. ಎಬ್ಬಿಸಿದ ದಾಖಲೆ ಇದ್ದದ್ದು 28ಕ್ಕೆ ಮಾತ್ರ. ದೋಷ ಹುಡುಕುವಾಗ ಒಮ್ಮೆ ಕೆಲಸ ಮಾಡಿದ್ದು ಖಂಡಿತ ಗೊತ್ತಿರುವ ಜಾಗದಿಂದಲೇ ಹೊರಡಬೇಕು.

ಮತ್ತೆ ನಿಂತಿತು, ಬೇರೆ ಕಡೆ

28 ಆರಿಸಿದಾಗ ಪ್ಯಾನಿಕ್ ಬರಲಿಲ್ಲ. ಸಾಲುಗಳು ಓಡಿದವು. ಆಮೇಲೆ ಒಂದು ಡಿಸ್ಕ್‌ಗಾಗಿ ಕಾಯುತ್ತಿದ್ದೇನೆ ಎಂಬ ಸಾಲು ಬಂದು ನಿಂತಿತು, ಅದರ ಮುಂದೆ ಒಂದೂವರೆ ನಿಮಿಷದ ಗಡುವು. ಗಡುವು ಮುಗಿದ ಮೇಲೆ ಎಮರ್ಜೆನ್ಸಿ ಮೋಡ್ ಎಂಬ ಸೂಚನೆ. ಅದರ ಕೆಳಗೆ ಇನ್ನೂ ಕೆಟ್ಟ ಸುದ್ದಿ: ರೂಟ್ ಎಂಬ ಆಡಳಿತದ ಖಾತೆಗೆ ಬೀಗ ಬಿದ್ದಿದೆ, ಕನ್ಸೋಲ್ ಕೊಡಲು ಆಗದು, ಮುಂದುವರಿಯಲು ಎಂಟರ್ ಒತ್ತಿ. ಒತ್ತಿದರೆ ಸುತ್ತಿ ಸುತ್ತಿ ಅಲ್ಲಿಗೇ ಬರುತ್ತಿತ್ತು.

"ಹಳೆಯ ಕರ್ನಲ್‌ನಲ್ಲೂ ಆಗ್ತಿಲ್ಲ, ಇನ್ನು ಹೊಸದಾಗಿ ಹಾಕೋದೇ ಅಲ್ವಾ?" ಎಂದು ಅವರು ಕೇಳಿದರು. ಕೇಳುವುದು ಸಹಜ. ಬಹಳ ಜನ ಕೈಚೆಲ್ಲುವುದು ಈ ಜಾಗದಲ್ಲೇ. ಆದರೆ ಎರಡು ಸ್ಕ್ರೀನ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಮೊದಲ ಸಲ ನಿಂತದ್ದು ಕರ್ನಲ್ ರೂಟ್ ಪಾರ್ಟಿಷನ್ ತಲುಪುವ ಮೊದಲು. ಈ ಸಲ ಮಾತಾಡುತ್ತಿರುವುದು ಸಿಸ್ಟಮ್‌ಡಿ, ಅದು ಇರುವುದೇ ರೂಟ್ ಪಾರ್ಟಿಷನ್‌ನಲ್ಲಿ. ಅಂದರೆ ಡಿಸ್ಕ್ ಸಿಕ್ಕಿದೆ, ರೂಟ್ ಮೌಂಟ್ ಆಗಿದೆ. ನಿಂತ ಜಾಗ ಬೇರೆ, ಹೇಳುತ್ತಿರುವವರೂ ಬೇರೆ. ಹಾಗಾಗಿ ಇದು ಅದೇ ದೋಷ ಮುಂದುವರಿದದ್ದಲ್ಲ, ಇನ್ನೊಂದು ದೋಷ.

ಇಂಥ ಯಂತ್ರಗಳ ಬಗ್ಗೆ ನಾನು ಒತ್ತಿ ಹೇಳಬೇಕೆಂದಿರುವ ಮಾತು ಇದೇ. ಬೂಟ್ ಕೆಟ್ಟಾಗ ಎಲ್ಲರೂ ಕೇಳುವ ಪ್ರಶ್ನೆ, ಕೊನೆಯದಾಗಿ ಏನು ಬದಲಾಯಿಸಿದಿರಿ ಎಂದು. ಆ ಪ್ರಶ್ನೆ ಸಾಲದು. ಕೊನೆಯ ಸಲ ಸರಿಯಾಗಿ ಬೂಟ್ ಆದಾಗಿನಿಂದ ಏನೇನು ಬದಲಾಗಿದೆ ಎಂದು ಕೇಳಬೇಕು. ನಡೆಯುತ್ತಿರುವ ಯಂತ್ರ ತನ್ನ /ಬೂಟ್ ಅನ್ನಾಗಲಿ, ಮೌಂಟ್ ಮಾಡಬೇಕಾದವುಗಳ ಪಟ್ಟಿಯಾದ ಎಫ್‌ಎಸ್‌ಟ್ಯಾಬ್ ಅನ್ನಾಗಲಿ ಮತ್ತೆ ಓದಿ ಪರೀಕ್ಷೆ ಮಾಡುತ್ತಾ ಕೂರುವುದಿಲ್ಲ. ಅಲ್ಲಿ ಸೇರಿದ ತಪ್ಪುಗಳು ಒಂದರ ಹಿಂದೆ ಒಂದು ಸುಮ್ಮನೆ ಕಾದಿರುತ್ತವೆ. ರೀಬೂಟ್ ಆದ ದಿನ ಎಲ್ಲವೂ ಒಟ್ಟಿಗೆ ಎದ್ದು ಬರುತ್ತವೆ. ಎರಡು ದೋಷ ಒಂದೇ ದಿನ ಕಂಡವು ಎಂದ ಮಾತ್ರಕ್ಕೆ ಅವು ಒಂದೇ ದಿನ ಹುಟ್ಟಿದವು ಎಂದಾಗಲಿ, ಎರಡಕ್ಕೂ ಒಂದೇ ಕಾರಣ ಎಂದಾಗಲಿ ಅಲ್ಲ.

ರೂಟ್ ಖಾತೆಗೆ ಬೀಗ ಬಿದ್ದಿರುವುದು ಮಾತ್ರ ದೋಷವಲ್ಲ. ಡೆಬಿಯನ್ ಇನ್‌ಸ್ಟಾಲ್ ಮಾಡುವಾಗ ರೂಟ್ ಪಾಸ್‌ವರ್ಡ್ ಜಾಗ ಖಾಲಿ ಬಿಟ್ಟರೆ ಆ ಖಾತೆ ಮುಚ್ಚಿರುತ್ತದೆ, ಬಳಕೆದಾರರಿಗೆ ಸುಡೋ ಮೂಲಕ ಆಡಳಿತದ ಅಧಿಕಾರ ಸಿಗುತ್ತದೆ. ದಿನದ ಬಳಕೆಗೆ ಇದು ಒಳ್ಳೆಯ ಏರ್ಪಾಡು. ಎಮರ್ಜೆನ್ಸಿ ಮೋಡ್‌ಗೆ ಬಂದಾಗ ಮಾತ್ರ ಬಾಗಿಲು ಮುಚ್ಚಿರುತ್ತದೆ.

ಒಳಗೆ ಹೋಗಲು, ಯಂತ್ರವನ್ನು ತಾನೇ ಬೂಟ್ ಮಾಡಬಲ್ಲ ಲೈವ್ ಯುಎಸ್‌ಬಿ ಬಳಸಬಹುದಿತ್ತು. ಅವರ ಬಳಿ ಅದು ಇರಲಿಲ್ಲ, ಮಾಡಲು ಇನ್ನೊಂದು ಯಂತ್ರವೂ ಇರಲಿಲ್ಲ. ಹಾಗಾಗಿ ಗ್ರಬ್ ಮೂಲಕವೇ ಹೋದೆವು. 28ರ ಎಂಟ್ರಿ ಮೇಲೆ 'ಇ' ಒತ್ತಿ, 'ಲಿನಕ್ಸ್' ಸಾಲಿನಲ್ಲಿದ್ದ 'ಆರ್‌ಒ' (ಓದಲು ಮಾತ್ರ) ತೆಗೆದು 'ಆರ್‌ಡಬ್ಲ್ಯೂ' (ಓದಲು, ಬರೆಯಲು) ಬರೆಸಿದೆ. 'ಕ್ವಯಟ್' ಎಂಬ ಪದ ಅಳಿಸಲು ಹೇಳಿದೆ, ಅದು ಇದ್ದರೆ ಸಂದೇಶಗಳು ಅಡಗುತ್ತವೆ. ಸಾಲಿನ ಕೊನೆಗೆ 'ಇನಿಟ್=/ಬಿನ್/ಬ್ಯಾಶ್' ಸೇರಿಸಿ, ಕಂಟ್ರೋಲ್ ಮತ್ತು ಎಕ್ಸ್ ಒಟ್ಟಿಗೆ ಒತ್ತಿದರು. ಇದರಿಂದ ಸಿಸ್ಟಮ್‌ಡಿ ಬದಲು, ಕಮಾಂಡ್ ಬರೆಯಲು ಬಿಡುವ ಬ್ಯಾಶ್ ನೇರವಾಗಿ ಶುರುವಾಗುತ್ತದೆ, ಪಾಸ್‌ವರ್ಡ್ ಕೇಳದೆ ರೂಟ್ ಅಧಿಕಾರ ಸಿಗುತ್ತದೆ. ಕೀಬೋರ್ಡ್ ಮುಂದೆ ಕೂತ ಯಾರಿಗೆ ಬೇಕಾದರೂ ಇದು ಸಾಧ್ಯ ಎಂಬುದನ್ನು ಇಲ್ಲೇ ಗಮನಿಸಿ. ಡಿಸ್ಕ್ ಎನ್‌ಕ್ರಿಪ್ಟ್ ಆಗಿಲ್ಲದ ಯಂತ್ರದಲ್ಲಿ ಲಾಗಿನ್ ಪಾಸ್‌ವರ್ಡ್ ಒಂದೇ ನಿಮ್ಮ ಫೈಲ್‌ಗಳನ್ನು ಕಾಯುವುದಿಲ್ಲ.

ಬ್ಯಾಶ್ ಸಿಕ್ಕಿದ ಮೇಲೆ ಎರಡೇ ಕಮಾಂಡ್. 'ಬಿಎಲ್‌ಕೆಐಡಿ' ಕೊಟ್ಟರೆ ಯಂತ್ರದಲ್ಲಿ ನಿಜವಾಗಿ ಇರುವ ಪಾರ್ಟಿಷನ್‌ಗಳು, ಅವುಗಳ ಯುಯುಐಡಿ ಬರುತ್ತವೆ. 'ಕ್ಯಾಟ್ /ಇಟಿಸಿ/ಎಫ್‌ಎಸ್‌ಟ್ಯಾಬ್' ಕೊಟ್ಟರೆ ಏನೇನು ಮೌಂಟ್ ಮಾಡಬೇಕು ಎಂಬ ಪಟ್ಟಿ. ಮೊದಲನೆಯದರಲ್ಲಿ ನಾಲ್ಕು ಯುಯುಐಡಿ, ಎರಡನೆಯದರಲ್ಲಿ ಐದು. ಐದನೆಯದು /ಎಂಎನ್‌ಟಿ/ಬ್ಯಾಕಪ್ ಎಂಬ ಜಾಗಕ್ಕೆ. ಸಾಲನ್ನು ಓದಿ ಹೇಳಿದ ಕೂಡಲೇ ಅವರಿಗೆ ನೆನಪಾಯಿತು. ಹಳೆಯ ಬ್ಯಾಕಪ್ ಡಿಸ್ಕ್ ಒಂದು ಯುಎಸ್‌ಬಿಗೆ ಸದಾ ಚುಚ್ಚಿಯೇ ಇರುತ್ತಿತ್ತು. ತಿಂಗಳುಗಳ ಹಿಂದೆ ಅದನ್ನು ಅನ್‌ಮೌಂಟ್ ಮಾಡಿ ತೆಗೆದಿಟ್ಟಿದ್ದರು. ಎಫ್‌ಎಸ್‌ಟ್ಯಾಬ್‌ನಲ್ಲಿ ಸಾಲು ಹಾಗೇ ಉಳಿದಿತ್ತು.

ಒಂದು ಬ್ಯಾಕಪ್ ಡಿಸ್ಕ್ ಇಲ್ಲ ಎಂದು ಇಡೀ ಯಂತ್ರ ಏಕೆ ನಿಲ್ಲಬೇಕು ಎಂದು ಕೇಳಬಹುದು. ಎಫ್‌ಎಸ್‌ಟ್ಯಾಬ್‌ನ ಪ್ರತಿ ಸಾಲೂ ಕಡ್ಡಾಯ ಎಂದೇ ಸಿಸ್ಟಮ್‌ಡಿ ತಿಳಿಯುತ್ತದೆ, ನೀವು ಬೇರೆ ಹೇಳದ ಹೊರತು. ಕಡ್ಡಾಯವಾದದ್ದು 90 ಸೆಕೆಂಡ್‌ನಲ್ಲಿ ಬರದಿದ್ದರೆ 'ಲೋಕಲ್ ಎಫ್‌ಎಸ್' ಎಂಬ ಗುರಿ ಸೋಲುತ್ತದೆ, ಅದು ಸೋತರೆ ಎಮರ್ಜೆನ್ಸಿ ಮೋಡ್. ಇದನ್ನು ಒರಟು ಎನ್ನುವವರಿದ್ದಾರೆ. ನನಗೆ ಇದು ಸರಿ ಅನಿಸುತ್ತದೆ. ಒಂದು ಡೇಟಾಬೇಸ್‌ನ ಡಿಸ್ಕ್ ಮೌಂಟ್ ಆಗದೆಯೇ ಯಂತ್ರ ಮುಂದೆ ಹೋದರೆ ಖಾಲಿ ಫೋಲ್ಡರ್ ಮೇಲೆ ಹೊಸದಾಗಿ ಬರೆಯಲು ಶುರು ಮಾಡಬಹುದು, ಆ ಗೊಂದಲ ಬಿಡಿಸುವುದು ಇನ್ನೂ ಕಷ್ಟ. ಕಡ್ಡಾಯ ಅಲ್ಲದ ಡಿಸ್ಕ್‌ಗೆ ಮಾತ್ರ 'ನೋಫೇಲ್' ಎಂದು ನಾವೇ ಬರೆಯಬೇಕು.

'ನ್ಯಾನೋ'ದಲ್ಲಿ ಎಫ್‌ಎಸ್‌ಟ್ಯಾಬ್ ತೆರೆದು ಆ ಸಾಲಿನ ಮುಂದೆ ಹ್ಯಾಶ್ ಗುರುತು ಹಾಕಿಸಿದೆ. ಅಳಿಸಲು ಹೇಳಲಿಲ್ಲ. ಅನುಮಾನದ ಸಾಲನ್ನು ಹ್ಯಾಶ್ ಹಾಕಿ ಮಲಗಿಸಿದರೆ ಬೇಕಾದಾಗ ಎಬ್ಬಿಸಬಹುದು. ಆಮೇಲೆ 'ಸಿಂಕ್', ರೂಟ್ ಅನ್ನು ಮತ್ತೆ ರೀಡ್ ಓನ್ಲಿ ಆಗಿ ರೀಮೌಂಟ್, ಕೊನೆಗೆ 'ರೀಬೂಟ್ -ಎಫ್'. ಸಿಸ್ಟಮ್‌ಡಿ ಇಲ್ಲದ ಹೊತ್ತಿನಲ್ಲಿ ಬಟನ್ ಒತ್ತಿ ಆಫ್ ಮಾಡಿದರೆ ಈಗ ತಾನೇ ಬರೆದ ಬದಲಾವಣೆ ಡಿಸ್ಕ್ ತಲುಪದೇ ಹೋಗಬಹುದು. ಅದಕ್ಕೇ ಇಷ್ಟು ಕ್ರಮ.

28ರಲ್ಲಿ ಮತ್ತೆ ಬೂಟ್ ಮಾಡಿದಾಗ ಲಾಗಿನ್ ಸ್ಕ್ರೀನ್ ಬಂತು.

ನಡೆಯುವ ಯಂತ್ರದೊಳಗೆ

ಲಾಗಿನ್ ಆದ ಕೂಡಲೇ ರಿಪೇರಿ ಮುಂದುವರಿಸಲಿಲ್ಲ. ಮೊದಲು ಕೆಲಸದ ಫೈಲ್‌ಗಳನ್ನೆಲ್ಲ ಬೇರೊಂದು ಯುಎಸ್‌ಬಿ ಡಿಸ್ಕ್‌ಗೆ ನಕಲು ಮಾಡಿಸಿದೆ. ಇನ್ನೂ ಒಂದು ದೋಷ ಸರಿಯಾಗದೆ ಉಳಿದಿದೆ, ಡಿಸ್ಕ್ ಸ್ಥಿತಿ ಇನ್ನೂ ಖಚಿತವಿಲ್ಲ. ಇಂಥ ಹೊತ್ತಿನಲ್ಲಿ ಫೈಲ್‌ಗಳಿಗಿಂತ ಮುಂಚೆ ಬೇರೆ ಏನನ್ನೂ ಮುಟ್ಟಬಾರದು. ನಕಲು ಮುಗಿದ ಮೇಲೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡುವ ಸ್ಮಾರ್ಟ್ ವರದಿ ನೋಡಿದೆವು, ಕರ್ನಲ್ ಲಾಗ್‌ನಲ್ಲಿ ಓದುವ ಬರೆಯುವ ತಪ್ಪುಗಳಿವೆಯೇ ಎಂದು ಹುಡುಕಿದೆವು. ಏನೂ ಇರಲಿಲ್ಲ. ಎಕ್ಸ್ಟ್4 ತನ್ನ ಜರ್ನಲ್‌ನಿಂದ ಚೇತರಿಸಿಕೊಂಡದ್ದು ಮಾತ್ರ ಇತ್ತು, ಕರೆಂಟ್ ಹೋದ ಮೇಲೆ ಅದು ಮಾಮೂಲು.

'ಡಿಎಫ್ -ಎಚ್ /ಬೂಟ್' ಕೊಟ್ಟಾಗ ಉತ್ತರ ನೇರವಾಗಿ ಸಿಕ್ಕಿತು: 236 ಎಂಬಿಯಲ್ಲಿ ಬಳಕೆ ಶೇಕಡಾ 100ರ ಅಂಚಿನಲ್ಲಿ. 'ಎಲ್‌ಎಸ್ -ಎಲ್‌ಎಚ್ /ಬೂಟ್'ನಲ್ಲಿ ಐದು ಕರ್ನಲ್, ನಾಲ್ಕೇ ಗಂಟು. ಕರ್ನಲ್ ಫೈಲ್ ಒಂದೊಂದೂ ಸುಮಾರು 8 ಎಂಬಿ, ಗಂಟುಗಳು ಅದರ ಐದಾರು ಪಟ್ಟು. ನಾಲ್ಕು ಜೋಡಿ ಸೇರಿದ ಮೇಲೆ ಐದನೆಯ ಕರ್ನಲ್‌ಗೆ ಹೇಗೋ ಜಾಗ ಸಿಕ್ಕಿದೆ, ಅದರ ಗಂಟಿಗೆ ಸಿಕ್ಕಿಲ್ಲ.

ನಡೆದದ್ದು ಏನೆಂದು ಊಹಿಸಬೇಕಿರಲಿಲ್ಲ, ದಾಖಲೆಯೇ ಇತ್ತು. ಎಪಿಟಿ ಓಡುವಾಗ ಟರ್ಮಿನಲ್‌ನಲ್ಲಿ ಬಂದ ಪ್ರತಿ ಸಾಲೂ '/ವಾರ್/ಲಾಗ್/ಎಪಿಟಿ/ಟರ್ಮ್.ಲಾಗ್' ಫೈಲ್‌ನಲ್ಲಿ ಉಳಿಯುತ್ತದೆ. ಈ ಫೈಲ್ ಇದೆ ಎಂದು ಹೆಚ್ಚಿನವರಿಗೆ ಗೊತ್ತಿಲ್ಲ, ಅದು ನಿಜಕ್ಕೂ ಬೇಸರದ ಸಂಗತಿ. ಕರೆಂಟ್ ಹೋಗುವ ಕೆಲವು ದಿನ ಮೊದಲಿನ ಅಪ್‌ಡೇಟ್‌ನಲ್ಲಿ, 32ರ ಗಂಟು ಕಟ್ಟುವಾಗ 'ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್' ಎಂದು ಬಂದಿತ್ತು. ಅರ್ಧ ಕಟ್ಟಿದ ಗಂಟನ್ನು ಆ ಸಾಧನವೇ ಅಳಿಸಿಹಾಕುತ್ತದೆ, ಅದಕ್ಕೇ /ಬೂಟ್‌ನಲ್ಲಿ ಮುರುಕು ಫೈಲ್ ಕೂಡ ಉಳಿದಿರಲಿಲ್ಲ. ಕರ್ನಲ್ ಪ್ಯಾಕೇಜ್ ಅರ್ಧಕ್ಕೆ ನಿಂತಿದೆ ಎಂದು, ಪ್ಯಾಕೇಜ್‌ಗಳನ್ನು ಇನ್‌ಸ್ಟಾಲ್ ಮಾಡುವ ಡಿಪಿಕೆಜಿ ದೂರಿತ್ತು. ಸಾಮಾನ್ಯವಾಗಿ ಇಷ್ಟಾದರೆ ಗ್ರಬ್ ಮೆನು ಬದಲಾಗುವುದಿಲ್ಲ, ಏಕೆಂದರೆ ಗಂಟು ಕಟ್ಟುವ ಹಂತ ಸೋತರೆ ಮೆನು ಬರೆಯುವ ಹಂತಕ್ಕೆ ಹೋಗುವುದೇ ಇಲ್ಲ. ಹಾಗಿದ್ದಿದ್ದರೆ ಯಂತ್ರ ತಾನಾಗಿಯೇ 31ರಲ್ಲಿ ಬೂಟ್ ಆಗುತ್ತಿತ್ತು. ಆದರೆ ಅದೇ ಅಪ್‌ಡೇಟ್‌ನಲ್ಲಿ ಗ್ರಬ್ ಪ್ಯಾಕೇಜ್‌ನ ಹೊಸ ಆವೃತ್ತಿಯೂ ಬಂದಿತ್ತು. ಅದು ತನ್ನ ಸರದಿಯಲ್ಲಿ ಮೆನುವನ್ನು ಹೊಸದಾಗಿ ಬರೆಯಿತು. /ಬೂಟ್‌ನಲ್ಲಿ 32 ಕಂಡಿತು, ಗಂಟು ಇಲ್ಲದ ಎಂಟ್ರಿ ಮಾಡಿ ಎಲ್ಲಕ್ಕಿಂತ ಮೇಲೆ ಇಟ್ಟಿತು. ಗ್ರಬ್ ಎಂಟ್ರಿಯ ಫೋಟೋದಲ್ಲಿ ಕಾಣದಿದ್ದ ಆ ಸಾಲಿಗೆ ಪೂರ್ತಿ ವಿವರಣೆ ಸಿಕ್ಕಿತು.

ಹಳೆಯ ಕರ್ನಲ್‌ಗಳು ಏಕೆ ಉಳಿದಿದ್ದವು? 'ಎಪಿಟಿ ಅಪ್‌ಗ್ರೇಡ್' ಹೊಸ ಕರ್ನಲ್ ತರುತ್ತದೆ, ಹಳೆಯದನ್ನು ತೆಗೆಯುವುದಿಲ್ಲ. ಬೇಡದ ಪ್ಯಾಕೇಜ್‌ಗಳಿವೆ, 'ಆಟೋರಿಮೂವ್' ಕೊಡಿ ಎಂದು ಹೇಳಿ ಸುಮ್ಮನಾಗುತ್ತದೆ. ಆ ಸಾಲು ಪ್ರತಿ ಸಲವೂ ಬಂದಿತ್ತು, ನೂರಾರು ಸಾಲುಗಳ ನಡುವೆ.

ಸರಿಪಡಿಸುವ ಕ್ರಮ ಹೀಗಿತ್ತು. ಮೊದಲು 'ಯುನೇಮ್ -ಆರ್' ಕೊಟ್ಟು ಈಗ ನಡೆಯುತ್ತಿರುವುದು 28 ಎಂದು ಖಚಿತ ಮಾಡಿಕೊಂಡೆವು. ನಡೆಯುತ್ತಿರುವ ಕರ್ನಲ್ ಅನ್ನು ಎಂದಿಗೂ ತೆಗೆಯಬಾರದು. ಆಮೇಲೆ 29 ಮತ್ತು 30ರ ಪ್ಯಾಕೇಜ್‌ಗಳನ್ನು 'ಎಪಿಟಿ ಪರ್ಜ್' ಮಾಡಿದೆವು. /ಬೂಟ್ ತುಂಬಿದಾಗ ಕೆಲವರು ಅಲ್ಲಿರುವ ಫೈಲ್‌ಗಳನ್ನು 'ಆರ್‌ಎಂ' ಕೊಟ್ಟು ಕೈಯಾರೆ ಅಳಿಸುತ್ತಾರೆ. ಜಾಗವೇನೋ ಆಗುತ್ತದೆ, ಆದರೆ ಪ್ಯಾಕೇಜ್ ಇನ್ನೂ ಇದೆ ಎಂದೇ ಡಿಪಿಕೆಜಿ ನಂಬಿರುತ್ತದೆ, ಆ ಗಂಟು ಮುಂದೆ ಮತ್ತೆ ತಯಾರಾಗಿ ಬಂದು ಕೂರಬಹುದು. ಪ್ಯಾಕೇಜ್ ಮೂಲಕ ತೆಗೆಯುವುದೇ ಸರಿಯಾದ ದಾರಿ.

ಜಾಗ ಆದ ಮೇಲೆ 'ಡಿಪಿಕೆಜಿ --ಕಾನ್ಫಿಗರ್ -ಎ' ಕೊಟ್ಟಾಗ ಅರ್ಧಕ್ಕೆ ನಿಂತಿದ್ದ 32ರ ಕೆಲಸ ಮುಂದುವರಿದು ಗಂಟು ತಯಾರಾಯಿತು. 'ಅಪ್‌ಡೇಟ್ ಗ್ರಬ್' ಮತ್ತೊಮ್ಮೆ ಓಡಿಸಿದೆವು. ರೀಬೂಟ್ ಮಾಡುವ ಮೊದಲು ಗ್ರಬ್‌ನ ಕಾನ್ಫಿಗ್ ಫೈಲ್ ತೆರೆದು, 32ರ ಎಂಟ್ರಿಯಲ್ಲಿ 'ಇನಿಟ್‌ಆರ್‌ಡಿ' ಸಾಲು ಬಂದಿದೆಯೇ, ರೂಟ್ ಮತ್ತೆ ಯುಯುಐಡಿಗೆ ಮರಳಿದೆಯೇ ಎಂದು ಕಣ್ಣಾರೆ ನೋಡಿದೆವು. ಎರಡೂ ಇದ್ದವು. ಆಮೇಲೆ 32ರಲ್ಲಿ ಬೂಟ್ ಆಯಿತು, ಇನ್ನೊಮ್ಮೆ ರೀಬೂಟ್ ಮಾಡಿ 31ನ್ನೂ ಪರೀಕ್ಷಿಸಿದೆವು. ಅದೂ ಎದ್ದಿತು. ಇನ್ನು 28ನ್ನು ಇಟ್ಟುಕೊಳ್ಳುವ ಅಗತ್ಯ ಇರಲಿಲ್ಲ.

ಸ್ಕ್ರೀನ್ ಬೇರೆ ಏನಾದರೂ ಹೇಳಿದ್ದರೆ

ಇದೇ ದೂರು ಬೇರೆ ಯಂತ್ರದಿಂದ ಬಂದಿದ್ದರೆ ದಾರಿ ಬೇರೆಯಾಗುತ್ತಿತ್ತು. ಬೂಟ್ ಮಾಡುವ ಡಿವೈಸ್ ಇಲ್ಲ ಎಂದು ಫರ್ಮ್‌ವೇರ್ ಹೇಳಿದ್ದರೆ ಡಿಸ್ಕ್, ಕೇಬಲ್, ಯುಇಎಫ್‌ಐ ಬೂಟ್ ಪಟ್ಟಿ ನೋಡಬೇಕಿತ್ತು. 'ಗ್ರಬ್ ರೆಸ್ಕ್ಯೂ' ಎಂಬ ಪ್ರಾಂಪ್ಟ್ ಬಂದಿದ್ದರೆ ಗ್ರಬ್‌ಗೆ ತನ್ನ ಫೈಲ್‌ಗಳೇ ಸಿಕ್ಕಿಲ್ಲ ಎಂದರ್ಥ, ಗ್ರಬ್ ಮತ್ತೆ ಇನ್‌ಸ್ಟಾಲ್ ಮಾಡುವ ಸಲಹೆ ಅಲ್ಲಿ ಸರಿ. 'ಇನಿಟ್‌ರಾಮ್‌ಎಫ್‌ಎಸ್' ಎಂಬ ಪ್ರಾಂಪ್ಟ್‌ನಲ್ಲಿ ನಿಂತಿದ್ದರೆ ಗಂಟು ಸರಿಯಾಗಿ ಬಂದಿದೆ, ಆದರೆ ಹೇಳಿದ ಯುಯುಐಡಿ ಸಿಕ್ಕಿಲ್ಲ ಅಥವಾ ಫೈಲ್ ಸಿಸ್ಟಮ್‌ಗೆ ಕೈಯಾರೆ ಎಫ್‌ಎಸ್‌ಸಿಕೆ ಬೇಕಾಗಿದೆ. ಎಲ್ಲಾ ಸಾಲುಗಳೂ ಓಡಿ ಕೊನೆಯಲ್ಲಿ ಬರೀ ಕಪ್ಪು ಸ್ಕ್ರೀನ್ ಉಳಿದರೆ ಅನುಮಾನ ಗ್ರಾಫಿಕ್ಸ್ ಡ್ರೈವರ್ ಮೇಲೆ. ಕಂಟ್ರೋಲ್, ಆಲ್ಟ್, ಎಫ್3 ಒತ್ತಿದಾಗ ಲಾಗಿನ್ ಸಿಕ್ಕಿದರೆ ಯಂತ್ರ ನಿಜಕ್ಕೂ ಬೂಟ್ ಆಗಿದೆ ಎಂದೇ ಅರ್ಥ.

ಆಮೇಲೆ ಬದಲಾಯಿಸಿದ್ದು

ಬ್ಯಾಕಪ್ ಡಿಸ್ಕ್‌ನ ಸಾಲನ್ನು ಮತ್ತೆ ಎಬ್ಬಿಸಿದೆವು, ಈ ಸಲ ಹೊಸ ಡಿಸ್ಕ್‌ನ ಯುಯುಐಡಿ ಹಾಕಿ. ಜೊತೆಗೆ 'ನೋಫೇಲ್', ಮತ್ತು ಕಾಯುವ ಗಡುವು 5 ಸೆಕೆಂಡ್ ಎಂದು 'ಎಕ್ಸ್-ಸಿಸ್ಟಮ್‌ಡಿ.ಡಿವೈಸ್-ಟೈಮ್‌ಔಟ್' ಆಯ್ಕೆ. ಎಫ್‌ಎಸ್‌ಟ್ಯಾಬ್ ಮುಟ್ಟಿದ ಮೇಲೆ ರೀಬೂಟ್ ತನಕ ಕಾಯಬೇಕಿಲ್ಲ. 'ಫೈಂಡ್‌ಎಂಎನ್‌ಟಿ --ವೆರಿಫೈ' ಕೊಟ್ಟರೆ ತಪ್ಪಿದ್ದರೆ ಅಲ್ಲೇ ಹೇಳುತ್ತದೆ. ಇದು ಅವರಿಗೆ ಬಹಳ ಇಷ್ಟವಾಯಿತು. ಡಿಸ್ಕ್ ಕಿತ್ತಿಟ್ಟು ಒಮ್ಮೆ ಬೂಟ್ ಮಾಡಿ ನೋಡಿದೆವು, ತಡೆಯಿಲ್ಲದೆ ಲಾಗಿನ್ ಬಂತು.

ಅಪ್‌ಡೇಟ್ ಆದ ಮೇಲೆ 'ಆಟೋರಿಮೂವ್' ಕೊಡುವುದು, ಹೊಸ ಕರ್ನಲ್ ಬಂದಿದ್ದರೆ ಅದೇ ದಿನ ರೀಬೂಟ್ ಮಾಡುವುದು ಎಂದು ಒಪ್ಪಿಕೊಂಡರು. ರೀಬೂಟ್ ಇಲ್ಲದೆ ಬಹಳ ದಿನ ನಡೆಸುವುದನ್ನು ಕೆಲವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಮನೆಯ ಯಂತ್ರಕ್ಕೆ ನಾನು ಅದನ್ನು ಒಪ್ಪುವುದಿಲ್ಲ. ಏನು ಬದಲಾಯಿಸಿದ್ದೇವೆ ಎಂದು ನೆನಪಿರುವಾಗ, ಕೈಯಲ್ಲಿ ಸಮಯ ಇರುವಾಗ ನಾವೇ ರೀಬೂಟ್ ಮಾಡುವುದು ಮೇಲು.

/ಬೂಟ್ ಚಿಕ್ಕದು ಎಂಬ ಮೂಲ ಸಮಸ್ಯೆ ಮಾತ್ರ ಹಾಗೇ ಉಳಿದಿತ್ತು. ಈ ಯಂತ್ರಕ್ಕೆ ಬೇಕಾದ ಮಾಡ್ಯೂಲ್‌ಗಳನ್ನಷ್ಟೇ ಹಾಕಿ ಗಂಟಿನ ಗಾತ್ರ ಇಳಿಸುವ ಆಯ್ಕೆಯೊಂದಿದೆ. ಅದು ಬೇಡ ಎಂದೆ. ನಾಳೆ ಈ ಡಿಸ್ಕ್ ಅನ್ನು ಬೇರೆ ಯಂತ್ರಕ್ಕೆ ಹಾಕಿದರೆ ಅಲ್ಲಿನ ಡ್ರೈವರ್ ಗಂಟಿನಲ್ಲಿ ಇರುವುದಿಲ್ಲ. ಎನ್‌ಕ್ರಿಪ್ಷನ್ ಇಲ್ಲದ, ಎಕ್ಸ್ಟ್4 ಬಳಸುವ ಯಂತ್ರಕ್ಕೆ ಪ್ರತ್ಯೇಕ /ಬೂಟ್ ಪಾರ್ಟಿಷನ್ ಬೇಕೇ ಇಲ್ಲ, ಗ್ರಬ್ ರೂಟ್ ಪಾರ್ಟಿಷನ್‌ನಿಂದಲೇ ಓದಬಲ್ಲದು. ಹಾಗಾಗಿ ಅವರು ಒಂದು ಲೈವ್ ಯುಎಸ್‌ಬಿ ಮಾಡಿಟ್ಟುಕೊಂಡ ಮೇಲೆ, ಬಿಡುವಿನ ದಿನ ನೋಡಿ, /ಬೂಟ್‌ನ ಫೈಲ್‌ಗಳನ್ನು ರೂಟ್ ಪಾರ್ಟಿಷನ್‌ಗೆ ನಕಲು ಮಾಡಿದೆವು. ಎಫ್‌ಎಸ್‌ಟ್ಯಾಬ್‌ನಲ್ಲಿ ಹಳೆಯ ಪಾರ್ಟಿಷನ್‌ನ ಸಾಲಿಗೆ ಹ್ಯಾಶ್ ಹಾಕಿ, ಅದನ್ನು ಅನ್‌ಮೌಂಟ್ ಮಾಡಿ, ಇಎಫ್‌ಐ ಪಾರ್ಟಿಷನ್ ಮತ್ತೆ ಅದರ ಜಾಗದಲ್ಲಿ ಮೌಂಟ್ ಆಗಿದೆ ಎಂದು ನೋಡಿಕೊಂಡು, 'ಗ್ರಬ್ ಇನ್‌ಸ್ಟಾಲ್', 'ಅಪ್‌ಡೇಟ್ ಗ್ರಬ್' ಓಡಿಸಿದೆವು. ಮೊದಲ ದಿನ ಬೇಡ ಎಂದಿದ್ದ ಆ ಕಮಾಂಡ್ ಈಗ ಬೇಕಾಯಿತು, ಏಕೆಂದರೆ ಗ್ರಬ್ ತನ್ನ ಫೈಲ್‌ಗಳನ್ನು ಹುಡುಕುವ ಜಾಗವೇ ಈಗ ಬದಲಾಗಿತ್ತು. ಹಳೆಯ 236 ಎಂಬಿ ಪಾರ್ಟಿಷನ್ ಅನ್ನು ಇನ್ನೂ ಅಳಿಸಿಲ್ಲ. ಮುಂದಿನ ಕರ್ನಲ್ ಅಪ್‌ಡೇಟ್ ಬಂದು, ಅದರ ಗಂಟು ಹೊಸ ಜಾಗದಲ್ಲಿ ತಯಾರಾಗಿ, ಯಂತ್ರ ಅದರಲ್ಲಿ ಎದ್ದ ಮೇಲೆ ಅಳಿಸುತ್ತೇವೆ.